ಐಸ್ ಪೆಟ್ಟಿಗೆಯ ನಲವತ್ತು ಲಕ್ಷ ಸಾವುಗಳು

ಸತ್ತವುಗಳ ಸಂಖ್ಯೆ ನಲವತ್ತು ಲಕ್ಷ ಎಂದು ಡಾಕ್ಟರ್ ದುರ್ಗಾದೇವಿ ಹೇಳಿದಾಗ ನಾನು ಕನ್ನಡಕ ತೆಗೆದು ಒರೆಸಿಕೊಂಡೆ. ಮೂವತ್ತೈದು ವರ್ಷ ಮಕ್ಕಳಿಗೆ ಅಂಕಗಣಿತ ಕಲಿಸಿದವನು ನಾನು. ಸಂಖ್ಯೆಯನ್ನು ಸುಮ್ಮನೆ ಒಪ್ಪಿಕೊಳ್ಳುವ ಅಭ್ಯಾಸವಿಲ್ಲ. ಎಣಿಸಿದವರು ಯಾರು ಎಂದು ಕೇಳಿದೆ. ತಾವೇ ಎಣಿಸಿದ್ದೆಂದೂ, ಎಲ್ಲವೂ ಒಂದೇ ದಿನ ಸತ್ತವೆಂದೂ ಆಕೆ ಹೇಳಿದರು.

ಅದು ೨೦೦೮ರ ಮೇ ತಿಂಗಳು, ಮಂಗಳವಾರದ ಬೆಳಿಗ್ಗೆ. ಬಳ್ಳಾರಿಯ ಬ್ರೂಸ್‌ಪೇಟೆಯ ಒಂದು ಮನೆಯ ಮುಂಭಾಗದಲ್ಲಿ ಶಿವಬಸಮ್ಮನವರೂ ಹಿಂಭಾಗದಲ್ಲಿ ನಾನೂ ಬಾಡಿಗೆಗಿದ್ದೆವು. ಶಿವಬಸಮ್ಮನವರು ಸರ್ಕಾರಿ ಆಸ್ಪತ್ರೆಯ ರಕ್ತಪರೀಕ್ಷೆಯ ಕೋಣೆಯಲ್ಲಿ ಮೂವತ್ತೆರಡು ವರ್ಷ ಸೂಕ್ಷ್ಮದರ್ಶಕದ ಮುಂದೆ ಕುಳಿತವರು. ನಿವೃತ್ತರಾದ ಮೇಲೆ, ಪೇಟೆಯಲ್ಲಿ ಏನು ಕಳೆದರೂ, ಯಾರ ಮೇಲೆ ಯಾರಿಗೆ ಅನುಮಾನ ಬಂದರೂ ಜನ ಅವರ ಬಾಗಿಲಿಗೇ ಬರುತ್ತಿದ್ದರು. ಅವರು ಪತ್ತೆ ಹಚ್ಚುತ್ತಿದ್ದರು. ಜೊತೆಗೆ ಹೋಗಿ ಬರೆದಿಡುವುದು ನನ್ನ ಕೆಲಸ. ನನ್ನ ಹೆಸರು ಉಜ್ಜಿನಪ್ಪ.

ದುರ್ಗಾದೇವಿಯವರು ಗಾಂಧಿನಗರದಲ್ಲಿ ಮಹಡಿಯ ಮೇಲಿನ ಎರಡು ಕೋಣೆಗಳಲ್ಲಿ ಚಿಕ್ಕ ಪ್ರಯೋಗಶಾಲೆ ನಡೆಸುತ್ತಿದ್ದರು. ಅಂಡಾಶಯದಲ್ಲಿ ಕ್ಯಾನ್ಸರ್ ಗಡ್ಡೆಯಾದ ಹೆಂಗಸರಿಗೆ ಹೊಟ್ಟೆಯಲ್ಲಿ ನೀರು ತುಂಬುತ್ತದೆ. ಆ ನೀರಿನಲ್ಲಿ ಗಡ್ಡೆಯ ಜೀವಕೋಶಗಳು ತೇಲುತ್ತಿರುತ್ತವೆ. ಅವುಗಳನ್ನು ಗಾಜಿನ ತಟ್ಟೆಗಳಲ್ಲಿ ಮೈಯ ಬಿಸಿಯಲ್ಲಿಯೇ ಇಟ್ಟು ಪೋಷಿಸಿದರೆ, ಅವು ಒಂದನ್ನೊಂದು ಹಿಡಿದು ಸಾಸಿವೆಗಿಂತ ಸಣ್ಣ ಉಂಡೆಗಳಾಗುತ್ತವೆ. ಆ ಉಂಡೆ ಆ ಹೆಂಗಸಿನ ಗಡ್ಡೆಯದೇ ಒಂದು ಮಾದರಿ. ಔಷಧಿಗಳನ್ನು ಮೊದಲು ಅದರ ಮೇಲೆ ಹಾಕಿ ನೋಡಬಹುದು.

"ಔಷಧಿ ಸೋಲೋದಾದರೆ ತಟ್ಟೆಯಲ್ಲಿ ಸೋಲಲಿ, ದೇಹದಲ್ಲಿ ಬೇಡ. ನಮ್ಮ ಕೆಲಸ ಇಷ್ಟೇ," ಎಂದರು ಡಾಕ್ಟರು. ತಟ್ಟೆಯಲ್ಲಿ ಗೆದ್ದ ಔಷಧಿ ದೇಹದಲ್ಲಿಯೂ ಗೆದ್ದೇ ಗೆಲ್ಲುತ್ತದೆಂದು ತಾವು ಹೇಳುವುದಿಲ್ಲವೆಂದೂ, ತಟ್ಟೆಯಲ್ಲಿ ಸೋತದ್ದು ದೇಹದಲ್ಲಿ ಗೆದ್ದದ್ದು ಮಾತ್ರ ತೀರ ಕಡಿಮೆಯೆಂದೂ ಸೇರಿಸಿದರು. ಹೆಚ್ಚು ಹೇಳದ ಈ ಲೆಕ್ಕ ನನಗೆ ಹಿಡಿಸಿತು.

ಈಗ ಸತ್ತಿದ್ದವು ನೂರಜಹಾನ್ ಎಂಬ ನಲವತ್ತೆಂಟು ವರ್ಷದ ಹೆಂಗಸಿನ ಕೋಶಗಳು. ಊರು ಸಿರುಗುಪ್ಪ, ಗಂಡ ಕರೀಮಸಾಬ್, ಬಸ್ ನಿಲ್ದಾಣದ ಎದುರು ಕುಲ್ಫಿ ಮಾರುವವರು. ಮೊದಲಿನ ಔಷಧಿ ಒಂದು ವರ್ಷ ರೋಗವನ್ನು ತಡೆದು ಆಮೇಲೆ ಕೈಬಿಟ್ಟಿತ್ತು. ಇನ್ನು ಉಳಿದದ್ದು ಮೂರು. ಒಮ್ಮೆಗೆ ಒಂದನ್ನು ಮಾತ್ರ ಆ ದೇಹ ತಾಳಬಲ್ಲದು. ತಪ್ಪಾದುದನ್ನು ಕೊಟ್ಟರೆ ಮೂರು ತಿಂಗಳು ವ್ಯರ್ಥ. ಆ ಮೂರು ತಿಂಗಳು ಆಕೆಯ ಬಳಿ ಇವೆಯೇ ಎಂಬುದನ್ನು ಯಾರೂ ಹೇಳಲಾರರು.

ಗುರುವಾರ ಸಿರುಗುಪ್ಪದ ನರ್ಸಿಂಗ್ ಹೋಮಿನಲ್ಲಿ ಆಕೆಯ ಹೊಟ್ಟೆಯ ನೀರನ್ನು ಇನ್ನೊಮ್ಮೆ ತೆಗೆಯುವವರಿದ್ದರು. ಅದಾದ ಹತ್ತು ದಿನಕ್ಕೆ ಚಿಕಿತ್ಸೆ ಆರಂಭವಾಗಲೇಬೇಕು. "ಗುರುವಾರದ್ದೂ ಸತ್ತರೆ ಮೂರರಲ್ಲಿ ಒಂದನ್ನು ನಾವು ಕಣ್ಣು ಮುಚ್ಚಿ ಆರಿಸಬೇಕು," ಎಂದರು ಡಾಕ್ಟರು. "ಅಷ್ಟರೊಳಗೆ ಇವನ್ನು ಕೊಂದದ್ದು ಯಾರು, ಅಥವಾ ಏನು, ಅಂತ ತಿಳಿಯಬೇಕು."

ಪೆಟ್ಟಿಗೆ ಕೈಯಿಂದ ಕೈಗೆ ಹೋದ ದಾರಿಯನ್ನು ನಾನು ಬರೆದುಕೊಂಡೆ. ಕಳೆದ ಶುಕ್ರವಾರ ಬೆಳಿಗ್ಗೆ ಎಂಟಕ್ಕೆ ನರ್ಸ್ ಗಂಗಕ್ಕ ನೀರಿನ ಕೊಳವೆಗಳನ್ನು ಬಿಗಿಯಾಗಿ ಮುಚ್ಚಿ, ಸ್ಟೀಲ್ ಡಬ್ಬಿಯಲ್ಲಿಟ್ಟು, ಆ ಡಬ್ಬಿಯನ್ನು ಐದು ಕಿಲೋ ಐಸಿನ ನಡುವೆ ಹೂತು ಪೆಟ್ಟಿಗೆಯನ್ನು ಕರೀಮಸಾಬರ ಕೈಗೆ ಕೊಟ್ಟಳು. ಅವರು ಬಸ್ಸಿನಲ್ಲಿ ಕುರುಗೋಡಿಗೆ ತಂದರು. ಅಲ್ಲಿ ಹನ್ನೊಂದಕ್ಕೆ ಪ್ರಯೋಗಶಾಲೆಯ ಸಹಾಯಕ ಮಾರೇಶ ತೆಗೆದುಕೊಂಡು, ಅದಿರು ಲಾರಿಗಳ ಸಾಲಿಗೆ ಸಿಕ್ಕಿಬೀಳದಂತೆ ಒಳದಾರಿಯಲ್ಲಿ ಬೈಕಿನ ಮೇಲೆ ಬಳ್ಳಾರಿಗೆ ತಂದ. ತಲುಪಿದ್ದು ಎರಡು ಗಂಟೆಗೆ. ಡಾಕ್ಟರು ಆಗ ಊರಲ್ಲಿರಲಿಲ್ಲ. ಅವನು ಎಂದಿನಂತೆ ಡಬ್ಬಿಯನ್ನು ತೆರೆಯದೆ ಫ್ರಿಜ್ಜಿನಲ್ಲಿಟ್ಟ. ಸಂಜೆ ಅವರು ಬಂದು ತೆರೆದರು.

ಕುರುಗೋಡಿನಿಂದ ಬಳ್ಳಾರಿಗೆ ಬೈಕಿನಲ್ಲಿ ಒಂದು ಗಂಟೆ ಸಾಕು. ಮಾರೇಶನಿಗೆ ಹಿಡಿದದ್ದು ಮೂರು. ಎರಡು ಗಂಟೆ ಎಲ್ಲಿ ಹೋಯಿತು ಎಂದು ನಾನು ಕೇಳಿದೆ. ಡಾಕ್ಟರು ತಲೆ ತಗ್ಗಿಸಿದರು. ಅವರಿಗೂ ಅದೇ ಅನುಮಾನ. ಆ ವರ್ಷಗಳಲ್ಲಿ ಸ್ಟೇರಿಂಗ್ ಹಿಡಿಯಲು ಬಂದವರನ್ನೆಲ್ಲ ಗಣಿಯವರು ಕರೆದುಕೊಳ್ಳುತ್ತಿದ್ದರು. ಮಾರೇಶನಿಗೂ ಕರೆ ಬಂದಿತ್ತಂತೆ.

ಮಧ್ಯಾಹ್ನ ಪ್ರಯೋಗಶಾಲೆಗೆ ಹೋದೆವು. ಮೆಟ್ಟಿಲ ಬಳಿ ಮೂರು ಕುಂಡಗಳಿದ್ದವು: ದಾಸವಾಳ, ತುಳಸಿ, ಕರಿಬೇವು. ಎಲೆಗಳ ಮೇಲೆ ಅದಿರಿನ ಕೆಂಪು ಧೂಳು. ಮೊದಲೆರಡು ಹಸಿರಾಗಿದ್ದವು, ಕರಿಬೇವಿನ ಎಲೆಗಳು ಅಂಚಿನಲ್ಲಿ ಸುಟ್ಟಂತಾಗಿ ಜೋತುಬಿದ್ದಿದ್ದವು. ಬಿಸಿಲು ಎಂದರು ಡಾಕ್ಟರು. ಶಿವಬಸಮ್ಮನವರು ಬಗ್ಗಿ ಅದರ ಮಣ್ಣನ್ನು ಮುಟ್ಟಿದರು. ಆ ಬೆರಳನ್ನು ತುಟಿಗೆ ತಾಗಿಸಿಕೊಂಡದ್ದನ್ನು ನಾನು ನೋಡಿದೆ. ವಯಸ್ಸಾದವರು ಏನಾದರೂ ಮಾಡುತ್ತಾರೆ ಎಂದುಕೊಂಡೆ. ನನಗೂ ಅವರಿಗೂ ಎರಡೇ ವರ್ಷದ ಅಂತರ.

ಒಳಗೆ ಅವರು ಬಹಳ ಹೊತ್ತು ಸೂಕ್ಷ್ಮದರ್ಶಕದಲ್ಲಿ ಕಣ್ಣಿಟ್ಟರು. ಬದುಕಿದ ಕೋಶ ನೀಲಿ ಬಣ್ಣವನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ, ಸತ್ತದ್ದು ಬಿಟ್ಟುಕೊಳ್ಳುತ್ತದೆ ಎಂದು ಡಾಕ್ಟರು ನನಗೆ ವಿವರಿಸಿದರು. ನಾನೂ ನೋಡಿದೆ. ಎಲ್ಲವೂ ನೀಲಿ. ಬಳಿಕ ಹಚ್ಚೊಳ್ಳಿಯ ಪಾರಮ್ಮ ಎಂಬಾಕೆಯ ತಟ್ಟೆಯನ್ನು ತೋರಿಸಿದರು. ಮೂರು ವಾರದ ಹಿಂದೆ ಅದೇ ನರ್ಸಿಂಗ್ ಹೋಮಿನಿಂದ, ಅದೇ ಪೆಟ್ಟಿಗೆಯಲ್ಲಿ, ಗಂಗಕ್ಕನೇ ಕಟ್ಟಿಕೊಟ್ಟದ್ದು. ಆಗ ಮಾರೇಶನೊಬ್ಬನೇ ಸಿರುಗುಪ್ಪದಿಂದ ನೇರ ತಂದಿದ್ದ. ಅವು ದುಂಡಗೆ, ಹೊಳೆಯುತ್ತ, ಬೆಳೆಯುತ್ತಿದ್ದವು.

"ಇವು ಬರೇ ಸತ್ತಿಲ್ಲ, ಒಡದಾವ," ಎಂದರು ಶಿವಬಸಮ್ಮನವರು. "ಬಿಸಿಗೆ ಸತ್ತಿದ್ರ ಬೆಂದಂಗ ಕಾಣ್ತಿದ್ದವು. ಕ್ರಿಮಿ ಬಿದ್ದಿದ್ರ ನೀರು ಬಗ್ಗಡ ಆಗ್ತಿತ್ತು. ಮಾರೇಶಪ್ಪನ್ನ ಕರೀರಿ."

ಮಾರೇಶ ಕುರುಗೋಡಿನವನು, ಇಪ್ಪತ್ತೇಳರ ಗಟ್ಟಿ ಆಳು. ತಾನು ಐಸ್ ಕರಗಿದ ನೀರನ್ನು ಚೆಲ್ಲುವುದಿಲ್ಲ, ಮಗ್ಗಿನಿಂದ ಕರಿಬೇವಿಗೆ ಹಾಕುತ್ತೇನೆ ಎಂದ. ಪಾರಮ್ಮನ ಸಲ ಎರಡು ಮಗ್ ನೀರು ಇತ್ತು. ಈ ಸಲ ನಾಲ್ಕು ತುಂಬಿ ಮಿಕ್ಕಿತು. ಮಗ್ಗು ಒಂದು ಲೀಟರಿನದು. ಆ ಸಲ ಲಾರಿಗಳ ಸಾಲಿಗೆ ಸಿಕ್ಕಿಬಿದ್ದದ್ದರಿಂದ ಎರಡು ಪ್ರಯಾಣಗಳೂ ಆರಾರು ಗಂಟೆಯವು.

"ಡಬ್ಬಿ ಹೆಂಗಿತ್ತಪ?"

"ಹೇಳಿದ್ರ ನಂಬಂಗಿಲ್ರಿ ಅಮ್ಮಾ. ಮುಟ್ಟಿದ್ರ ಬೆರಳು ಅಂಟಿಕೆಂತು. ಕಿತ್ತಿಕೆಂಡ್ರ ಚರ್ಮ ಚುರುಚುರು ಅಂತು. ಹಿಂದ ಯಾವತ್ತೂ ಹಂಗ ಆಗಿರ್ಲಿಲ್ಲ."

ಹೊರಗೆ ಬಂದ ಮೇಲೆ ನಾನು ನನ್ನ ತೀರ್ಮಾನ ಹೇಳಿದೆ. ಐಸ್ ಹೆಚ್ಚು ಕರಗಿದೆಯೆಂದರೆ ಪೆಟ್ಟಿಗೆ ಹೆಚ್ಚು ಬಿಸಿಯಾಗಿದೆ. ಆದರೆ ಡಬ್ಬಿ ಹಿಂದೆಂದಿಗಿಂತ ತಂಪಾಗಿತ್ತೆಂದು ಅವನು ಹೇಳುತ್ತಾನೆ. ನೀರೂ ಹೆಚ್ಚು, ತಂಪೂ ಹೆಚ್ಚು, ಇವೆರಡೂ ಕೂಡುವುದಿಲ್ಲ. ಆದ್ದರಿಂದ ಅವನು ಸುಳ್ಳು ಹೇಳುತ್ತಿದ್ದಾನೆ.

"ಮೇಷ್ಟ್ರೇ, ಅವನು ಖರೇನ ಹೇಳ್ಯಾನ ಅಂತ ಇಟ್ಕೊಂಡು ಲೆಕ್ಕ ಮಾಡ್ರಿ," ಎಂದು ಅವರು ನಕ್ಕರು. ನಾನು ಆ ರಾತ್ರಿಯ ಊಟದವರೆಗೂ ಮಾಡಿದೆ. ಉತ್ತರ ಬರಲಿಲ್ಲ.

ಬುಧವಾರ ಡಾಕ್ಟರರ ಹಳೆಯ ಕಾರಿನಲ್ಲಿ ನಾವು ನಾಲ್ವರೂ ಹೊರಟೆವು. ಊರು ದಾಟುವವರೆಗೆ ಲಾರಿಗಳ ಬಾಲ ಹಿಡಿದು ತೆವಳಿದೆವು. ನನ್ನ ಬಿಳಿ ಅಂಗಿ ಇಟ್ಟಿಗೆಯ ಬಣ್ಣಕ್ಕೆ ಬಂದಿತು. ಕುರುಗೋಡು ಬರುವ ಮೊದಲೇ ಮಾರೇಶ ತಾನಾಗಿ ಬಾಯಿ ಬಿಟ್ಟ. ಆ ಎರಡು ಗಂಟೆ ಅವನು ಟಿಪ್ಪರ್ ಓಡಿಸಿ ತೋರಿಸಲು ಹೋಗಿದ್ದ. ಪೆಟ್ಟಿಗೆ ಬಸ್ ನಿಲ್ದಾಣದ ಎರ್ರಿಸ್ವಾಮಿಯ ಚಹಾದಂಗಡಿಯಲ್ಲಿತ್ತು.

"ಪಾಸಾದ್ಯಾ?" ಎಂದು ಕೇಳಿದರು ಶಿವಬಸಮ್ಮನವರು.

"ಆದ್ನಿರಿ. ಆದ್ರ ಈ ಕೋಶ ಸತ್ತ ಮ್ಯಾಲ ಹೋಗಾಕ ಮನಸಾಗವಲ್ದು. ಓಡಿಹೋದ ಅಂತಾರಲ್ರಿ."

ಎರ್ರಿಸ್ವಾಮಿ ಮಾತಿನ ಮನುಷ್ಯ. ಸಾಬರು ಪೆಟ್ಟಿಗೆಯನ್ನು ಅಂಗಡಿಯ ಹೊರಗಿನ ಕಲ್ಲುಬೆಂಚಿನ ಮೇಲೆ ಇಟ್ಟರು. ಮಾರೇಶ ಬಂದು ಒಳಗೆ ನೆರಳಿಗೆ ಸರಿಸಿದ. ಅವನು ಮರಳಿ ಬರುವವರೆಗೆ ಅದನ್ನು ಒಂದು ನೊಣವೂ ಮುಟ್ಟಿಲ್ಲ ಎಂದ. ಆಮೇಲೆ ತನ್ನ ದೂರು ಹೇಳಿದ. ಸಾಬರು ಇಟ್ಟ ಗಳಿಗೆಯಿಂದಲೇ ಪೆಟ್ಟಿಗೆ ಸೋರಿ ಹೊರಗಿನ ಬೆಂಚಿನ ಮೇಲೆ ಬಿಳಿ ಕಲೆ ಬಿದ್ದಿತ್ತು. "ಒರೆಸಿದ್ರ ಹೊಕ್ಕೈತಿ, ಒಣಗಿದ್ರ ಮತ್ತ ಬರ್ತೈತಿ. ನಿಮ್ಮ ಔಷಧಿ ನನ್ನ ಗಿರಾಕಿಗೆ ಹತ್ತಿದ್ರ ಯಾರ್ರೀ ಜವಾಬ್ದಾರಿ?"

ಶಿವಬಸಮ್ಮನವರು ಒದ್ದೆ ಬೆರಳನ್ನು ಕಲೆಯ ಮೇಲೆ ಆಡಿಸಿ ನಾಲಿಗೆಗೆ ಇಟ್ಟುಕೊಂಡರು. ಎರ್ರಿಸ್ವಾಮಿ ಗಾಬರಿಯಾದ. ಅವರು ಚಹಾ ಕುಡಿದು, ಚಹಾ ಚೆನ್ನಾಗಿದೆಯೆಂದು ಹೇಳಿ ಕಾರು ಹತ್ತಿದರು. ಭತ್ತ ಕೊಯ್ದ ಗದ್ದೆಗಳ ನಡುವೆ ತೆಕ್ಕಲಕೋಟೆ ದಾಟಿದೆವು.

ಸಿರುಗುಪ್ಪದಲ್ಲಿ ಎಲ್ಲರೂ ಕರೀಮಸಾಬರ ಅಂಗಳದಲ್ಲಿ ಸೇರುವಂತೆ ಅವರು ಮೊದಲೇ ಹೇಳಿಕಳಿಸಿದ್ದರು. ಬೇವಿನ ನೆರಳಿಗೆ ಮಂಚ ತಂದು ನೂರಜಹಾನ್ ಒರಗಿ ಕುಳಿತಿದ್ದರು. ಹೊಟ್ಟೆ ಉಬ್ಬಿತ್ತು, ಕೈಗಳು ಬಡಕಲಾಗಿದ್ದವು. ನಾಲಿಗೆ ಮಾತ್ರ ಚುರುಕಾಗಿತ್ತು. ಡಾಕ್ಟರನ್ನು ಕಂಡೊಡನೆ, ತನ್ನ ಕೋಶಗಳು ತನ್ನಂತೆಯೇ ಸೂಕ್ಷ್ಮ, ಬಳ್ಳಾರಿಯ ಧೂಳು ನೋಡಿಯೇ ಸತ್ತಿರಬೇಕು ಎಂದರು. ಗಂಗಕ್ಕ ಕೈ ಕಟ್ಟಿ ನಿಂತಿದ್ದಳು. ಐಸ್ ಶುದ್ಧವಾದದ್ದು, ಅದೇ ಐಸಿನಿಂದ ಒಂದು ಚೂರು ತಾನೇ ಬಾಯಿಗೆ ಹಾಕಿಕೊಂಡಿದ್ದೆ, ತಣ್ಣನೆ ನೀರಿನ ರುಚಿ ಬಿಟ್ಟರೆ ಬೇರೇನಿರಲಿಲ್ಲ ಎಂದಳು. ಕರೀಮಸಾಬ್ ಎಲ್ಲರಿಗೂ ಕುರ್ಚಿ ಹಾಕಿದರು. ಎತ್ತರದ, ಬಾಗಿದ ಬೆನ್ನಿನ ಮನುಷ್ಯ. ವಾರದಿಂದ ಗಡ್ಡ ತಿದ್ದಿರಲಿಲ್ಲ.

ಶಿವಬಸಮ್ಮನವರು ಪ್ರಶ್ನೆ ಕೇಳುವರೆಂದು ನಾನು ಕಾಗದ ತೆಗೆದೆ. ಅವರು ಕೇಳಿದ್ದು ಕುಲ್ಫಿ.

"ಇಲ್ಲೇ, ನಮ್ಮೆದುರಿಗೇ ಮಾಡ್ರಿ ಸಾಬ್ರ. ನಿಮ್ಮ ಕೈಚಳಕ ನೋಡಬೇಕು."

ಸಾಬರ ಮುಖ ಅರಳಿತು. ಮರದ ಪೀಪಾಯಿ ತಂದರು. ಕಾಯಿಸಿ ಆರಿಸಿದ ಹಾಲನ್ನು ಅಚ್ಚುಗಳಿಗೆ ತುಂಬಿ ಮುಚ್ಚಳ ತಿರುವಿದರು. ಐಸ್ ಒಡೆದು ಒಂದು ಪದರ ಹಾಕಿದರು. ಪಕ್ಕದ ಚೀಲಕ್ಕೆ ಕೈ ಹಾಕಿ ಒಂದು ಹಿಡಿ ಎರಚಿದರು. ಮತ್ತೆ ಐಸ್, ಮತ್ತೆ ಒಂದು ಹಿಡಿ.

"ಈಗ ಏನು ಹಾಕಿದ್ರಿ?"

"ಐಸ್, ಅಮ್ಮಾರ."

"ಅದರ ಮ್ಯಾಲ?"

"ಉಪ್ಪು." ಅವರಿಗೆ ಆ ಪ್ರಶ್ನೆಯೇ ವಿಚಿತ್ರವೆನಿಸಿತು. "ಐಸಿಗೆ ಉಪ್ಪು ಹಾಕೋದು ಹೇಳೋ ಮಾತೇನ್ರಿ?"

"ಶುಕ್ರವಾರ ಎಲ್ಲಿ ಹಾಕಿದ್ರಿ?"

ಸಾಬರು ಯಾವ ಅಳುಕೂ ಇಲ್ಲದೆ ಹೇಳಿದರು. ತೆಕ್ಕಲಕೋಟೆಯಲ್ಲಿ ಬಸ್ಸಿನ ಟೈರು ಒಡೆಯಿತು. ಒಂದು ಗಂಟೆ ಬಿಸಿಲಿನಲ್ಲಿ ನಿಂತಿತು. ಪೆಟ್ಟಿಗೆ ತೆರೆದು ನೋಡಿದರೆ ಐಸ್ ಕರಗತೊಡಗಿತ್ತು. ತಂಪು ಹೋದರೆ ಎಲ್ಲವೂ ಹೋಯಿತೆಂದು ಗಂಗಕ್ಕ ಹೇಳಿದ್ದಳು. ಅವರು ಎದುರಿನ ಅಂಗಡಿಯಿಂದ ಒಂದು ಕಿಲೋ ಕಲ್ಲುಪ್ಪು ತಂದು, ತಂದೆ ಕಲಿಸಿದಂತೆ ಪದರ ಪದರವಾಗಿ ಹಾಕಿ, ಬಿಸ್ಮಿಲ್ಲಾ ಎಂದು ಮುಚ್ಚಿದರು. ಆಮೇಲೆ ಅವರು ಎಲ್ಲರ ಮುಖಗಳನ್ನು ನೋಡಿದರು. ಕೈಯಲ್ಲಿದ್ದ ಉಪ್ಪು ಬೆರಳುಗಳ ನಡುವೆ ಉದುರತೊಡಗಿತು.

"ಕೂತ್ಕೊಳ್ರಿ ಸಾಬ್ರ," ಎಂದರು ಶಿವಬಸಮ್ಮನವರು. ಬಳಿಕ ಒಂದೊಂದೇ ಹೆಜ್ಜೆಯನ್ನು ಬಿಡಿಸಿ ಹೇಳಿದರು. ಮೊದಲು ಅದೇ ಪೆಟ್ಟಿಗೆಯಲ್ಲಿ ಬಂದ ಪಾರಮ್ಮನ ಕೋಶಗಳು ಪ್ರಯೋಗಶಾಲೆಯಲ್ಲಿ ಬದುಕಿದ್ದವು. ಆದ್ದರಿಂದ ತಪ್ಪು ಪ್ರಯೋಗಶಾಲೆಯದಲ್ಲ, ದಾರಿಯದು. ಕೋಶಗಳು ಒಡೆದಿದ್ದವು. ಟೊಮೆಟೊ ಹೆಪ್ಪುಗಟ್ಟಿ ಮತ್ತೆ ಕರಗಿದರೆ ಮೆತ್ತಗಾಗುವುದೂ ಹೀಗೆಯೇ; ಒಳಗಿನ ನೀರು ಐಸಾಗಿ ಸೂಜಿಗಳಂತೆ ಚುಚ್ಚಿ ಗೋಡೆ ಹರಿಯುತ್ತದೆ. ಬರಿಯ ಐಸ್ ತಂಪಾಗಿಡುತ್ತದೆ, ಅಷ್ಟು ಗಟ್ಟಿಯಾಗಿ ಹೆಪ್ಪುಗಟ್ಟಿಸುವುದಿಲ್ಲ. ಉಪ್ಪು ಬಿದ್ದ ಐಸ್ ಬೇಗ ಕರಗುತ್ತದೆ, ಕರಗುತ್ತಲೇ ಐಸಿಗಿಂತಲೂ ತಂಪಾಗುತ್ತದೆ. ಕುಲ್ಫಿ ಗಟ್ಟಿಯಾಗುವುದು ಅದರಿಂದಲೇ. ಮಾರೇಶ ಮುಟ್ಟುವ ಹೊತ್ತಿಗೆ ಡಬ್ಬಿ ಬೆರಳಿಗೆ ಅಂಟುವಷ್ಟು ತಣ್ಣಗಿತ್ತು. ಸಂಜೆ ಡಾಕ್ಟರು ತೆರೆಯುವ ಹೊತ್ತಿಗೆ ಫ್ರಿಜ್ಜಿನಲ್ಲಿ ಎಲ್ಲವೂ ಕರಗಿ ಮೊದಲಿನಂತೆ ಕಾಣುತ್ತಿತ್ತು.

"ನೀರೂ ಹೆಚ್ಚು, ತಂಪೂ ಹೆಚ್ಚು. ಮೇಷ್ಟ್ರು ಇದು ಕೂಡಂಗಿಲ್ಲ ಅಂದ್ರು. ಕೂಡಿಸೋದು ಒಂದೇ ಐತಿ ಅಂತ ಕರಿಬೇವಿನ ಮಣ್ಣು ಹೇಳ್ತು. ಕುಂಡದ ಉಪ್ಪು ಬಳ್ಳಾರ್ಯಾಗ ಬಿದ್ದಿದ್ದೋ, ಅದಕ್ಕೂ ಮುಂಚೆ ದಾರ್ಯಾಗೋ ಗೊತ್ತಿರ್ಲಿಲ್ಲ. ಎರ್ರಿಸ್ವಾಮಿ ಬೆಂಚು ಅದನ್ನೂ ಹೇಳ್ತು. ಕಲೆ ಬಿದ್ದದ್ದು ಹೊರಗ, ಸಾಬ್ರು ಇಟ್ಟಲ್ಲಿ. ಅಂದ್ರ ಮಾರೇಶ ಮುಟ್ಟೋಕಿಂತ ಮುಂಚೆನ ಉಪ್ಪು ಒಳಗಿತ್ತು. ಗಂಗಕ್ಕನ ಐಸ್ ಬರೇ ಐಸ್. ಉಳಿದೋರು ಒಬ್ರ."

ಕರೀಮಸಾಬ್ ನೆಲವನ್ನೇ ನೋಡುತ್ತಿದ್ದರು. ತಾನೇ ಕೊಂದೆನಲ್ಲ ಎಂದು ಒಮ್ಮೆ ಮೆಲ್ಲಗೆ ಹೇಳಿದರು. ಉತ್ತರ ಮಂಚದಿಂದ ಬಂದಿತು.

"ಮೂವತ್ತು ವರ್ಷ ಕುಲ್ಫಿ ಮಾಡಿ ಮಾಡಿ, ಕಡೀಕ ನನ್ನೂ ಕುಲ್ಫಿ ಮಾಡಿಬಿಟ್ರಲ್ರೀ," ಎಂದರು ನೂರಜಹಾನ್. "ಪಿಸ್ತಾ ಹಾಕಿದ್ರೋ, ಬರೇ ಉಪ್ಪೋ?"

ಮೊದಲು ನಕ್ಕವಳು ಗಂಗಕ್ಕ. ಆಮೇಲೆ ಮಾರೇಶ, ಆಮೇಲೆ ಡಾಕ್ಟರು ಕಣ್ಣೊರೆಸಿಕೊಂಡು ನಕ್ಕರು. ಸಾಬರೂ ನಗಲೇಬೇಕಾಯಿತು. ನೂರಜಹಾನ್ ಹೊಟ್ಟೆ ಹಿಡಿದುಕೊಂಡು, ನಕ್ಕರೆ ನೋಯುತ್ತದೆ, ನಗಿಸಬೇಡಿರೆಂದು ನಮ್ಮನ್ನೇ ಬೈದರು.

ಗುರುವಾರದ ಪೆಟ್ಟಿಗೆಯನ್ನು ಯಾರು ಒಯ್ಯಬೇಕೆಂಬ ಮಾತು ಬಂದಿತು. ನಾನು ಮಾರೇಶನ ಹೆಸರು ಹೇಳಿದೆ. ಶಿವಬಸಮ್ಮನವರು ಒಪ್ಪಲಿಲ್ಲ. ಈ ತಾಲೂಕಿನಲ್ಲಿ ಐಸಿನ ಸ್ವಭಾವ ಸಾಬರಿಗಿಂತ ಚೆನ್ನಾಗಿ ಬಲ್ಲವರಿಲ್ಲ. ಬಿಸಿಯಾಗಬಾರದು ಎಂದಷ್ಟೇ ಹೇಳಿದ್ದರು, ಗಟ್ಟಿಯೂ ಆಗಬಾರದು ಎಂಬ ಎರಡನೆಯ ಮಾತನ್ನು ಅವರಿಗೆ ಯಾರೂ ಹೇಳಿರಲಿಲ್ಲ, ತಪ್ಪು ಅಷ್ಟೇ ಎಂದರು. ಹಾಗಾದರೆ ಉಪ್ಪಿಲ್ಲದೆ ಆರು ಗಂಟೆ ಐಸ್ ಉಳಿಸುವುದು ಹೇಗೆ ಎಂದು ಡಾಕ್ಟರು ಕೇಳಿದರು.

ಸಾಬರು ತಲೆ ಎತ್ತಿದರು. "ಭತ್ತದ ಹೊಟ್ಟು ಐತಲ್ರಿ. ನಮ್ಮೂರ ಮಿಲ್ಲಿನ್ಯಾಗ ಗುಡ್ಡ ಬಿದ್ದೈತಿ. ಸುತ್ತ ಹೊಟ್ಟು ತುಂಬಿ, ಮ್ಯಾಲ ಒದ್ದಿ ಗೋಣಿ ಸುತ್ತಿದ್ರ ಸಂಜಿ ಮಟ ಐಸ್ ಅಳ್ಳಾಡಂಗಿಲ್ಲ."

ಹಾಗೆಯೇ ಆಯಿತು. ಗುರುವಾರ ಮಧ್ಯಾಹ್ನ ಪೆಟ್ಟಿಗೆ ಬಳ್ಳಾರಿಗೆ ಬಂದಾಗ ನಾನು ಐಸನ್ನು ತೂಗಿದೆ: ಐದು ಕಿಲೋದಲ್ಲಿ ನಾಲ್ಕೂಕಾಲು ಉಳಿದಿತ್ತು. ಡಾಕ್ಟರು ಸೂಕ್ಷ್ಮದರ್ಶಕದಿಂದ ಕಣ್ಣು ತೆಗೆಯದೆ ಎಣಿಸಿದರು. ನೂರಕ್ಕೆ ತೊಂಬತ್ತೊಂದು ಕೋಶಗಳು ನೀಲಿಯನ್ನು ಒಳಗೆ ಬಿಟ್ಟುಕೊಂಡಿರಲಿಲ್ಲ. ಮೆಟ್ಟಿಲ ಮೇಲೆ ಕಾದು ಕುಳಿತಿದ್ದ ಸಾಬರಿಗೆ ಈ ಸಂಖ್ಯೆಯನ್ನು ಹೇಳುವ ಕೆಲಸ ನನ್ನ ಪಾಲಿಗೆ ಬಂದಿತು. ಜೀವನದಲ್ಲಿ ನಾನು ಎಷ್ಟೋ ಅಂಕಗಳನ್ನು ಓದಿ ಹೇಳಿದ್ದೇನೆ. ಯಾರೂ ನನ್ನನ್ನು ಹಾಗೆ ತಬ್ಬಿಕೊಂಡಿರಲಿಲ್ಲ.

ಒಂಬತ್ತನೆಯ ದಿನ ಫಲಿತಾಂಶ ಬಂದಿತು. ಮೂರರಲ್ಲಿ ಮೊದಲು ಕೊಡಬೇಕೆಂದಿದ್ದ ಔಷಧಿ ಉಂಡೆಗಳನ್ನು ಏನೂ ಮಾಡಲಿಲ್ಲ. ಎರಡನೆಯದು ಅರೆಬರೆ. ಯಾರೂ ಹೆಚ್ಚು ನಂಬಿರದ ಮೂರನೆಯದು ಅವುಗಳನ್ನು ಪುಡಿಪುಡಿ ಮಾಡಿತ್ತು. ನೂರಜಹಾನರಿಗೆ ಅದನ್ನೇ ಕೊಟ್ಟರು.

ಅಕ್ಟೋಬರಿನ ಒಂದು ಬೆಳಿಗ್ಗೆ ಮೆಟ್ಟಿಲು ಹತ್ತುವ ಸದ್ದು ಕೇಳಿ ಡಾಕ್ಟರು ಹೊರಬಂದರು. ನೂರಜಹಾನ್ ಯಾರ ಕೈಯನ್ನೂ ಹಿಡಿಯದೆ ಹತ್ತಿ ಬಂದಿದ್ದರು. ಹೊಟ್ಟೆಯ ನೀರು ಇಳಿದು ಎರಡು ತಿಂಗಳಾಗಿತ್ತು. ರೋಗ ಪೂರ್ತಿ ಹೋಯಿತೆಂದು ಡಾಕ್ಟರು ಹೇಳಲಿಲ್ಲ. ಈಗ ಹಿಮ್ಮೆಟ್ಟಿದೆ ಎಂದರು. ಅದು ಸರಿಯಾದ ಲೆಕ್ಕ. ಆಕೆಯ ಹಿಂದೆಯೇ ಸಾಬರು ಎರಡು ಪೆಟ್ಟಿಗೆ ಹೊತ್ತು ಬಂದರು. ಹೊಟ್ಟು ತುಂಬಿದ ಒಂದರಲ್ಲಿ ಇನ್ನೊಬ್ಬ ಹೆಂಗಸಿನ ಕೋಶಗಳಿದ್ದವು. ಮೇ ತಿಂಗಳಿಂದ ಆ ದಾರಿಯ ಎಲ್ಲ ಪೆಟ್ಟಿಗೆಗಳನ್ನೂ ಕಟ್ಟುವವರು ಅವರೇ. ಟಿಪ್ಪರಿಗೆ ಹೋಗದೆ ಉಳಿದ ಮಾರೇಶ ಅದನ್ನು ಒಳಗೆ ಒಯ್ದ. ಬೇರೆ ಮಣ್ಣು ಹಾಕಿಸಿಕೊಂಡ ಕರಿಬೇವು ಚಿಗುರಿತ್ತು.

ಇನ್ನೊಂದು ಪೆಟ್ಟಿಗೆಯಲ್ಲಿ ಉಪ್ಪಿತ್ತು. "ಇದು ಬ್ಯಾರೆ, ಇದು ತಿನ್ನಾಕ," ಎಂದು ನೂರಜಹಾನ್ ಎಲ್ಲರಿಗೂ ಕೇಳುವಂತೆ ಸಾರಿ, ಕುಲ್ಫಿ ಹಂಚಿದರು.

ಸಿಹಿಯ ವಿಷಯದಲ್ಲಿ ನನಗೊಂದು ನಿಯಮವಿದೆ: ವರ್ಷಕ್ಕೊಮ್ಮೆ, ಅದೂ ಅಳತೆಯಿಂದ. ಆ ದಿನ ನಾನು ಎರಡು ತಿಂದೆ. ಶಿವಬಸಮ್ಮನವರು ಮೂರು ಎನ್ನುತ್ತಾರೆ. ಎಣಿಕೆಯಲ್ಲಿ ಅವರು ತಪ್ಪಿದ್ದನ್ನು ನಾನು ಈವರೆಗೆ ಕಂಡಿಲ್ಲ.